ಸಂಪ್ ಗಾರ್ಡಿನ ಬೋಲ್ಟು ಸಡಿಲವಾಗದಂತೆ ಯಾವುದು ತಡೆಯುತ್ತದೆ: ಸ್ಪ್ರಿಂಗ್ ವಾಷರ್, ನೈಲಾಕ್, ನೀಲಿ ಲಾಕ್‌ಟೈಟ್, ನಾರ್ಡ್‌ಲಾಕ್

ತೀರ್ಥಹಳ್ಳಿ, ಕೊಪ್ಪದ ಕಡೆಯ ತೋಟದ ದಾರಿಗಳಲ್ಲಿ ಗಟ್ಟಿ ಸಸ್ಪೆನ್ಷನ್ ಹಾಕಿದ ಕಾರನ್ನು ಜೋರಾಗಿ ಓಡಿಸಿದರೆ ಮೊದಲು ಸಡಿಲವಾಗುವುದು ಸಂಪ್ ಗಾರ್ಡ್, ಅಂದರೆ ಎಂಜಿನ್ನಿನ ಆಯಿಲ್ ತೊಟ್ಟಿಗೆ ಕಲ್ಲು ತಾಗದಂತೆ ಕೆಳಗೆ ಹಾಕುವ ತಗಡು. ಅದಕ್ಕೇ ಹೋಲಿಕೆಯನ್ನೂ ಅಲ್ಲೇ ಮಾಡಿದ್ದೇವೆ. ಒಂದೇ ಗಾರ್ಡ್, ನಾಲ್ಕು ಮೂಲೆಗೆ 8.8 ಗ್ರೇಡಿನ (ಬಲದ ದರ್ಜೆ) ನಾಲ್ಕು ಎಂ8 (8 ಮಿಲಿಮೀಟರ್ ವ್ಯಾಸದ) ಬೋಲ್ಟು, ಒಂದೊಂದಕ್ಕೆ ಒಂದೊಂದು ಬಗೆಯ ತಡೆ, ಎಲ್ಲಕ್ಕೂ 25 ನ್ಯೂಟನ್ ಮೀಟರ್ ಟಾರ್ಕ್ (ಬಿಗಿ ಮಾಡುವ ತಿರುಚು ಬಲ). ಬಿಗಿ ಮಾಡಿದ ಮೇಲೆ ಬೋಲ್ಟಿನ ತುದಿ, ನಟ್ಟು, ಬ್ರಾಕೆಟ್ ಮೂರನ್ನೂ ದಾಟುವ ಹಾಗೆ ಪೇಂಟ್ ಮಾರ್ಕರಿನಲ್ಲಿ ಒಂದು ಗೆರೆ. ಓಡಿಸಿ ಬಂದ ಮೇಲೆ ಗೆರೆ ಎಲ್ಲಿ ತುಂಡಾಗಿದೆ ಎಂದು ನೋಡಿದರೆ ಯಾವುದು ತಿರುಗಿದೆ ಎಂದು ಗೊತ್ತಾಗುತ್ತದೆ. ಮುಂದಿನ ಮೂಲೆಗಳಿಗೆ ಕಲ್ಲಿನ ಹೊಡೆತ ಹೆಚ್ಚು. ಆದ್ದರಿಂದ ಪ್ರತಿ ಸಲ ಜಾಗ ಅದಲುಬದಲು ಮಾಡಬೇಕು, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ.

ಸ್ಪ್ರಿಂಗ್ ವಾಷರ್ ಎಲ್ಲಕ್ಕಿಂತ ಮೊದಲು ಸೋಲುತ್ತದೆ, ಯಾವ ಮೂಲೆಗೆ ಹಾಕಿದರೂ. ಬೋಲ್ಟು ಪೂರ್ತಿ ಬಿಗಿಯಾಗುವ ಎಷ್ಟೋ ಮೊದಲೇ ಅದು ಚಪ್ಪಟೆಯಾಗಿಬಿಡುತ್ತದೆ. ಆಮೇಲೆ ಅದು ಸೀಳಿದ ಮಾಮೂಲಿ ವಾಷರ್ ಅಷ್ಟೇ. ಭಾಗಗಳು ಅಡ್ಡಡ್ಡ ಜಾರಿದಾಗ ಥ್ರೆಡ್ಡಿನ ಘರ್ಷಣೆ ಕಳೆದುಹೋಗಿ ನಟ್ಟು ತಾನಾಗಿಯೇ ಹಿಂದಕ್ಕೆ ತಿರುಗುತ್ತದೆ ಎಂಬುದನ್ನು ಗೆರ್ಹಾರ್ಡ್ ಯುಂಕರ್ 1969ರಲ್ಲೇ ತೋರಿಸಿದ್ದರು. ಈ ವಾಷರಿನ ಜರ್ಮನ್ ಮಾನಕ ಡಿನ್ 127 ಅನ್ನು 2003ರಲ್ಲಿ ಹಿಂಪಡೆದರು. ಆದರೂ ಗ್ಯಾರೇಜುಗಳಲ್ಲಿ ಇವತ್ತಿಗೂ ಕೈಗೆ ಮೊದಲು ಸಿಗುವುದು ಅದೇ. ಬಿಡಿ.

ಒಳಗೆ ನೈಲಾನ್ ಉಂಗುರವಿರುವ ನೈಲಾಕ್ ನಟ್ಟಿನ ನಡತೆ ಬೇರೆ. ಗೆರೆ ಸ್ವಲ್ಪ ಸರಿಯುತ್ತದೆ, ಆಮೇಲೆ ನಿಲ್ಲುತ್ತದೆ. ನಟ್ಟು ದಾರಿಯಲ್ಲಿ ಉದುರುವುದಿಲ್ಲ, ಆದರೆ ಹಿಡಿತ ಹೋಗಿರುತ್ತದೆ. ಗಾರ್ಡ್ ಬಡಬಡ ಎನ್ನುತ್ತದೆ, ರಂಧ್ರ ಮೊಟ್ಟೆಯಾಕಾರಕ್ಕೆ ಸವೆಯುತ್ತದೆ. ನಟ್ಟು ಕಳೆಯದಂತೆ ಕಾಯುವುದಕ್ಕೆ ಅದು ಒಳ್ಳೆಯದು, ಬಿಗಿ ಉಳಿಸುವುದಕ್ಕೆ ಅಲ್ಲ. ಹಾಕುವಾಗ ನೈಲಾನ್ ಉಂಗುರದ ಆಚೆ ಕನಿಷ್ಠ ಎರಡು ಥ್ರೆಡ್ ಹೊರಗೆ ಕಾಣಬೇಕು. ನೈಲಾನಿನ ಎಳೆತವನ್ನು (ನಟ್ಟು ಕೂರುವ ಮೊದಲು ಅದನ್ನು ತಿರುಗಿಸಲು ಬೇಕಾಗುವ ಟಾರ್ಕನ್ನು) ಟಾರ್ಕ್ ರೆಂಚಿನಲ್ಲಿ ಅಳೆದು 25ಕ್ಕೆ ಸೇರಿಸಬೇಕು, ಇಲ್ಲವಾದರೆ ಅಷ್ಟು ಹಿಡಿತ ಕಡಿಮೆ. ಬರಿಗೈಯಲ್ಲಿ ಉಂಗುರ ದಾಟುವ ಹಳೇ ನೈಲಾಕನ್ನು ಎಸೆಯಿರಿ. ಸುಮಾರು 120 ಡಿಗ್ರಿ ಮೀರುವ ಕಡೆ ಹಾಕಲೇಬೇಡಿ.

ನೀಲಿ ಲಾಕ್‌ಟೈಟ್ 243 ಹಾಕಿದ ಬೋಲ್ಟಿನ ಗೆರೆ ಕದಲುವುದಿಲ್ಲ, ಆದರೆ ಹಾಕುವ ಕ್ರಮ ಸರಿಯಿದ್ದರೆ ಮಾತ್ರ. ಗಾಳಿ ಸಿಗದೆ ಲೋಹ ತಾಗಿದಾಗ ಗಟ್ಟಿಯಾಗುವ ದ್ರವ ಅದು. ಬಾಟಲಿ ಅರ್ಧ ಖಾಲಿ ಬರುವುದೂ ಅದಕ್ಕೇ, ಒಳಗೆ ಗಾಳಿ ಇರಲೆಂದು. ಮೂತಿಯನ್ನು ಥ್ರೆಡ್ಡಿಗೆ ಒತ್ತಿದರೆ ಲೋಹದ ಕಣ ಒಳಗೆ ಹೋಗಿ ಇಡೀ ಬಾಟಲಿ ಗಂಟುಕಟ್ಟಬಹುದು. ಮೇಲಿನಿಂದ ತೊಟ್ಟು ಬಿಡಿ. ಥ್ರೆಡ್ಡನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ ಬ್ರೇಕ್ ಕ್ಲೀನರ್ ಹೊಡೆದು ಒಣಗಿಸಿ. 243 ಅಲ್ಪಸ್ವಲ್ಪ ಎಣ್ಣೆ ಸಹಿಸುತ್ತದೆ, ಕೆಂಪು ಮಣ್ಣನ್ನಲ್ಲ. ಆರಪಾರ ರಂಧ್ರವಾದರೆ ನಟ್ಟು ಕೂರುವ ಜಾಗಕ್ಕೆ ಸುತ್ತಲೂ ಹಚ್ಚಿ. ತಳ ಮುಚ್ಚಿದ ರಂಧ್ರವಾದರೆ ಬೋಲ್ಟಿಗೆ ಹಚ್ಚಿ ಪ್ರಯೋಜನವಿಲ್ಲ, ಒಳಗೆ ಸಿಕ್ಕಿಕೊಂಡ ಗಾಳಿ ಅದನ್ನು ಹೊರಗೆ ತಳ್ಳುತ್ತದೆ. ತೊಟ್ಟುಗಳನ್ನು ರಂಧ್ರದೊಳಗೇ ಬಿಡಿ. ಕೂಡಲೇ ಪೂರ್ತಿ ಟಾರ್ಕ್ ಕೊಟ್ಟು 24 ಗಂಟೆ ಮುಟ್ಟದೆ ಇಡಿ. ಅರ್ಧ ಗಂಟೆ ಬಿಟ್ಟು “ಇನ್ನೊಂಚೂರು” ಎಂದು ತಿರುಗಿಸಿದರೆ ಹಿಡಿದ ಅಂಟು ಒಡೆಯುತ್ತದೆ. ಚಳಿಗಾಲದ ಬೆಳಗಿನಲ್ಲಿ, ಸ್ಟೇನ್‌ಲೆಸ್ ಅಥವಾ ಜಿಂಕ್ ಲೇಪದ ಬೋಲ್ಟಿನಲ್ಲಿ ಇನ್ನೂ ನಿಧಾನ. ಮೊದಲು ಅಂಟನ್ನು ಬೇಗ ಗಟ್ಟಿಯಾಗಿಸುವ ಆಕ್ಟಿವೇಟರ್ 7649 ಹೊಡೆಯುವುದು ಒಳ್ಳೆಯದು.

ನಾರ್ಡ್‌ಲಾಕ್ ಗೆರೆಯೂ ಹಾಗೇ ನಿಲ್ಲುತ್ತದೆ. ಜೋಡಿ ವಾಷರ್, ದೊಡ್ಡ ಇಳಿಜಾರಿನ ಮುಖಗಳು ಒಂದಕ್ಕೊಂದು ಎದುರು, ಸಣ್ಣ ಹಲ್ಲುಗಳು ಹೊರಗೆ. ಇಳಿಜಾರಿನ ಕೋನ ಥ್ರೆಡ್ಡಿನದಕ್ಕಿಂತ ಹೆಚ್ಚು, ಹಾಗಾಗಿ ನಟ್ಟು ಹಿಂದಕ್ಕೆ ತಿರುಗಬೇಕಾದರೆ ಬೋಲ್ಟು ಇನ್ನಷ್ಟು ಹಿಗ್ಗಬೇಕು. ಜೋಡಿಯನ್ನು ಉಲ್ಟಾ ಮಾಡಿ ಹಲ್ಲುಗಳು ಒಳಗೆ ಬರುವ ಹಾಗೆ ಹಾಕಿದರೆ, ಅಥವಾ ಕೆಳಗೆ ಬಿಡಿ ವಾಷರ್ ಕೊಟ್ಟರೆ ಕೆಲಸ ಕೆಟ್ಟಿತು: ಹಲ್ಲು ಕಚ್ಚಿದ ಆ ವಾಷರೇ ಜಾರುತ್ತದೆ. ಅಲ್ಯೂಮಿನಿಯಂ ಮೇಲೆ ಹಲ್ಲಿನ ಗುರುತು ಬೀಳುತ್ತದೆ. ಲಾಭವೆಂದರೆ ಒಣಗಲು ಕಾಯಬೇಕಿಲ್ಲ, ಬಿಚ್ಚಿ ಮತ್ತೆ ಹಾಕಬಹುದು. ವಾರಕ್ಕೊಮ್ಮೆ ಆಯಿಲ್ ಸೋರಿಕೆ ನೋಡಲು ಗಾರ್ಡ್ ಇಳಿಸುವವರಿಗೆ ನಮ್ಮ ಮತ ಇದಕ್ಕೇ. ಇಳಿಸುವುದೇ ಅಪರೂಪವಾದರೆ ನೀಲಿ ಸಾಕು.

ಆದರೆ ಇವೆರಡೂ ತಡೆಯಲಾರದ ಒಂದು ಸಂಗತಿ ಇದೆ: ನಟ್ಟು ತಿರುಗದೆಯೇ ಬಿಗಿ ಹೋಗುವುದು. ಎಂ8 ಬೋಲ್ಟು 10 ಮಿಲಿಮೀಟರ್ ದಪ್ಪವನ್ನು ಹಿಡಿದಿದ್ದರೆ, ಪೂರ್ತಿ ಟಾರ್ಕಿನಲ್ಲಿ ಅದು ಹಿಗ್ಗುವುದು ಸುಮಾರು 0.02 ಮಿಲಿಮೀಟರ್ ಮಾತ್ರ. ಬ್ರಾಕೆಟ್ಟಿನ ಪೌಡರ್ ಕೋಟಿಂಗ್ ಅದರ ಮೂರು ನಾಲ್ಕು ಪಟ್ಟು ದಪ್ಪ ಇರುತ್ತದೆ. ಆ ಬಣ್ಣ ಕಂಪನಕ್ಕೆ ಒಂದಿಷ್ಟು ಕುಸಿದರೂ ಹಿಡಿತ ಪೂರ್ತಿ ಖಾಲಿ. ಗೆರೆ ಮಾತ್ರ ನೇರವಾಗಿಯೇ ಇರುತ್ತದೆ. ಬೋಲ್ಟಿನ ತಲೆ ಮತ್ತು ನಟ್ಟು ಕೂರುವ ಜಾಗದಲ್ಲಿ ಬಣ್ಣ ಕೆರೆದು ಲೋಹ ಕಾಣಿಸಿ, ಅಂಚಿಗೆ ತೆಳುವಾಗಿ ಗ್ರೀಸ್ ಹಚ್ಚಿ, ಥ್ರೆಡ್ಡಿಗೆ ತಾಗಿಸಬೇಡಿ. ಜೊತೆಗೆ ನಟ್ಟಿನ ಕಡೆ 30 ಮಿಲಿಮೀಟರ್ ಉದ್ದದ ಉಕ್ಕಿನ ಕೊಳವೆ ತುಂಡು ಕೊಟ್ಟು ಅಷ್ಟು ಉದ್ದದ ಬೋಲ್ಟು ಹಾಕಿ: ಹಿಗ್ಗು ನಾಲ್ಕು ಪಟ್ಟಾಗುತ್ತದೆ, ಅದೇ ಕುಸಿತಕ್ಕೆ ಹಿಡಿತ ಅಷ್ಟು ಬೇಗ ಹೋಗುವುದಿಲ್ಲ. ಕೊಳವೆ ಗಾರ್ಡಿನ ಕೆಳಗೆ ಬರಬಾರದು, ಕಲ್ಲಿಗೆ ಸಿಗುತ್ತದೆ. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಲೇತ್ ಇರುವ ಯಾರೇ ಆದರೂ ಮಾಡಿಕೊಡುವ ಕೆಲಸ. ನಾವು ನೋಡಿದ ಮಟ್ಟಿಗೆ ವಾಷರ್ ಬದಲಿಸಿದ್ದಕ್ಕಿಂತ ಈ ಕೊಳವೆಯಿಂದಲೇ ಹೆಚ್ಚು ಉಪಯೋಗ.

ಮಳೆಗಾಲದಲ್ಲಿ ಇನ್ನೊಂದು. ತುಕ್ಕು ಹಿಡಿದ ಥ್ರೆಡ್ಡಿನಲ್ಲಿ ಟಾರ್ಕ್ ರೆಂಚ್ “ಟಕ್” ಅನ್ನುವುದು ಘರ್ಷಣೆಗೆ, ಹಿಡಿತಕ್ಕಲ್ಲ. ಸಂಪ್ ಗಾರ್ಡಿನ ಬೋಲ್ಟುಗಳನ್ನು ಜೂನಿಗೆ ಮೊದಲೇ ಹೊಸದು ಮಾಡಿ.

ಉಳಿದ ಜಾಗಗಳಿಗೆ ಬೇರೆ ಲೆಕ್ಕ. ಎಂಜಿನ್ನಿನ ಬಿಸಿ ಹೊಗೆ ಹೊರಬರುವ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ತಾಮ್ರ ಲೇಪದ, ಪೂರ್ತಿ ಲೋಹದ ಲಾಕ್ ನಟ್ಟು. 243ರ ಮಿತಿ 180 ಡಿಗ್ರಿ, ಅಲ್ಲಿ ಅದು ಉಳಿಯುವುದಿಲ್ಲ. ಕೆಂಪು ಲಾಕ್‌ಟೈಟ್ ಬಿಚ್ಚಲು ಸುಮಾರು 250 ಡಿಗ್ರಿ ಕಾಯಿಸಬೇಕು. ರಬ್ಬರ್ ಬುಷ್ ಪಕ್ಕ ಹಾಕಿದರೆ ಬಿಚ್ಚುವ ದಿನ ಬುಷ್ ಸುಟ್ಟುಹೋಗುತ್ತದೆ. ಎಂ5ಕ್ಕಿಂತ ಸಣ್ಣ ಸ್ಕ್ರೂಗೆ ನೇರಳೆ ಲಾಕ್‌ಟೈಟ್ 222, ಅದೂ ಲೋಹಕ್ಕೆ ಲೋಹ ಇದ್ದರೆ ಮಾತ್ರ. ಡ್ಯಾಶ್‌ಬೋರ್ಡಿನ ಎಬಿಎಸ್ ಅಥವಾ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕಿಗೆ ಈ ದ್ರವ ತಾಗಿದರೆ ಬಿರುಕು ಬಿಡುತ್ತದೆ. ಚಕ್ರದ ನಟ್ಟಿಗೆ ಲಾಕ್‌ಟೈಟೂ ಬೇಡ, ಎಣ್ಣೆಯೂ ಬೇಡ: ಮ್ಯಾನುಯಲ್ಲಿನ ಟಾರ್ಕ್ ಕೊಟ್ಟು, 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಚಕ್ರ ತಣ್ಣಗಾದಾಗ ಮತ್ತೊಮ್ಮೆ ನೋಡಿ.