4 ಜಿಬಿ ಯಂತ್ರಕ್ಕೆ ಯಾವ ಓಎಸ್? ಬಳ್ಳಾರಿ ಅಂಗಡಿಗಳ ಪುಟ್ಟ ಲ್ಯಾಪ್‌ಟಾಪ್‌ಗಳ ವಿಮರ್ಶೆ

ಬಳ್ಳಾರಿಯ ಬೆಂಗಳೂರು ರಸ್ತೆಯಲ್ಲಾಗಲಿ, ರಾಯಚೂರಿನ ತೀನ್ ಕಂದೀಲ್ ಸುತ್ತಮುತ್ತಲಾಗಲಿ ಕಡಿಮೆ ಬೆಲೆಯ ಲ್ಯಾಪ್‌ಟಾಪ್ ಕೇಳಿದರೆ ಗಲ್ಲೆಯ ಮೇಲೆ ಬಂದು ಕೂರುವುದು ಹೆಚ್ಚುಕಡಿಮೆ ಒಂದೇ ಯಂತ್ರ: 11.6 ಅಥವಾ 14 ಇಂಚಿನ ಪರದೆ, ಇಂಟೆಲ್ ಸೆಲೆರಾನ್ ಎನ್4020 ಇಲ್ಲವೇ ಎನ್4500, 4 ಜಿಬಿ ರ‍್ಯಾಮ್, ಕಡತ ಇಡಲು 64 ಜಿಬಿ ಇಎಂಎಂಸಿ ಚಿಪ್. ಮುಚ್ಚಳದ ಮೇಲಿನ ಹೆಸರು ಬೇರೆಬೇರೆ, ಒಳಗಿನ ಸರಕು ಒಂದೇ. ಆದ್ದರಿಂದ ಇಲ್ಲಿ ತೂಗಿ ನೋಡಬೇಕಾದದ್ದು ಕಂಪನಿಗಿಂತ ಹೆಚ್ಚಾಗಿ ಅದರ ಮೇಲೆ ಓಡುವ ಓಎಸ್, ಅಂದರೆ ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ (ಆಪರೇಟಿಂಗ್ ಸಿಸ್ಟಮ್).

ಡಬ್ಬಿ ಬಿಚ್ಚಿದಾಗ ಸಾಮಾನ್ಯವಾಗಿ ಇರುವುದು ವಿಂಡೋಸ್ 11, ಅದೂ ಎಷ್ಟೋ ಸಲ ಎಸ್ ಮೋಡ್‌ನಲ್ಲಿ. ಎಸ್ ಮೋಡ್ ಇದ್ದರೆ ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಸಿಗುವ ಆ್ಯಪ್ ಬಿಟ್ಟು ಬೇರೇನೂ ಇನ್‌ಸ್ಟಾಲ್ ಆಗುವುದಿಲ್ಲ. ಕನ್ನಡ ಟೈಪಿಂಗ್‌ನ ನುಡಿ ಹತ್ತುವುದಿಲ್ಲ, ಲೆಕ್ಕಪತ್ರದ ಟ್ಯಾಲಿ ಹತ್ತುವುದಿಲ್ಲ. ಸೆಟ್ಟಿಂಗ್ಸ್, ಸಿಸ್ಟಮ್, ಆ್ಯಕ್ಟಿವೇಶನ್‌ಗೆ ಹೋದರೆ ಇದರಿಂದ ಹೊರಬರುವ ದಾರಿ ಅಲ್ಲೇ ಇದೆ. ದುಡ್ಡು ಬೇಡ, ಒಂದು ಮೈಕ್ರೋಸಾಫ್ಟ್ ಖಾತೆ ಸಾಕು. ಆದರೆ ಒಮ್ಮೆ ಹೊರಬಿದ್ದರೆ ಮತ್ತೆ ಎಸ್ ಮೋಡ್‌ಗೆ ಮರಳುವಂತಿಲ್ಲ. ಇಷ್ಟಕ್ಕೆ ಅಂಗಡಿಯವರು ಐನೂರು ಕೇಳಿದರೆ ಕೊಡಬೇಡಿ.

ನಿಜವಾದ ತೊಂದರೆ ಪ್ರೊಸೆಸರ್‌ನದಲ್ಲ, ಜಾಗದ್ದು. 64 ಜಿಬಿ ಎಂದು ಬರೆದದ್ದು ವಿಂಡೋಸ್ ಕಣ್ಣಿಗೆ 58 ಜಿಬಿ ಆಸುಪಾಸು. ಅದರಲ್ಲಿ ವಿಂಡೋಸ್ ತನಗೆ, ತನ್ನ ಅಪ್‌ಡೇಟ್‌ಗೆ ಎಂದು ಕಾದಿರಿಸಿದ ಸುಮಾರು 7 ಜಿಬಿಗೆ, ರ‍್ಯಾಮ್ ಸಾಲದಾಗ ಬಳಸುವ ಪೇಜ್ ಫೈಲ್‌ಗೆ ಎಂದು ಅರ್ಧಕ್ಕಿಂತ ಹೆಚ್ಚು ನುಂಗುತ್ತದೆ. ವರ್ಷಕ್ಕೊಮ್ಮೆ ಬರುವ ದೊಡ್ಡ ಅಪ್‌ಡೇಟ್ ಹಳೆಯ ವಿಂಡೋಸನ್ನು 'ವಿಂಡೋಸ್ ಓಲ್ಡ್' ಎಂಬ ಫೋಲ್ಡರ್‌ನಲ್ಲಿ 10 ದಿನ ಇಟ್ಟುಕೊಳ್ಳುತ್ತದೆ. ಇಷ್ಟು ಹೊತ್ತಿಗೆ ವಾಟ್ಸಾಪ್ ವಿಡಿಯೊ ತುಂಬಿದ ಯಂತ್ರದಲ್ಲಿ ಅಪ್‌ಡೇಟ್ ಅರ್ಧಕ್ಕೆ ನಿಂತು ಹಿಂದಕ್ಕೆ ಬರುತ್ತದೆ, ಮರುದಿನ ಮತ್ತೆ ಡೌನ್‌ಲೋಡ್ ಶುರು. ಇಎಂಎಂಸಿ ಬೋರ್ಡಿಗೇ ಬೆಸುಗೆ ಹಾಕಿದ ಚಿಪ್ ಆದ್ದರಿಂದ ಕಳಚಿ ದೊಡ್ಡದು ಹಾಕುವ ಮಾತಿಲ್ಲ. ಮಾಡಬಹುದಾದದ್ದು ಇಷ್ಟು: ಸ್ಟೋರೇಜ್ ಸೆಟ್ಟಿಂಗ್ಸ್‌ನ ಕ್ಲೀನಪ್‌ನಲ್ಲಿ ಹಳೆಯ ವಿಂಡೋಸ್ ಅಳಿಸಿ, ಹೈಬರ್ನೇಶನ್ ಆಫ್ ಮಾಡಿ (ಒಂದೂವರೆ ಜಿಬಿ ಬಿಡುಗಡೆಯಾಗುತ್ತದೆ), ಫೋಟೊ, ಪಿಡಿಎಫ್‌ಗಳನ್ನು ಮೆಮೊರಿ ಕಾರ್ಡಿಗೆ ಸರಿಸಿ. ಆಮೇಲೂ ಜಾಗ ಸಾಲದೆ ಅಪ್‌ಡೇಟ್ ಪೆನ್‌ಡ್ರೈವ್ ಕೇಳಿದರೆ 16 ಜಿಬಿಯದೊಂದು ಖಾಲಿ ಮಾಡಿ ಚುಚ್ಚಿ.

ಮೊಬೈಲ್ ಹಾಟ್‌ಸ್ಪಾಟ್ ಮೇಲೆ ನಡೆಯುವವರು, ಅಂದರೆ ಕುಷ್ಟಗಿ, ಲಿಂಗಸುಗೂರು ಕಡೆಯ ಹಳ್ಳಿಗಳ ಬಹುಪಾಲು ವಿದ್ಯಾರ್ಥಿಗಳು, ಮೊದಲ ದಿನವೇ ಆ ವೈಫೈಯನ್ನು 'ಮೀಟರ್ಡ್' (ಡೇಟಾ ಮಿತಿ ಇರುವುದು) ಎಂದು ಗುರುತು ಹಾಕಬೇಕು. ಇಲ್ಲದಿದ್ದರೆ ದಿನದ ಒಂದೂವರೆ ಜಿಬಿ ಡೇಟಾ ಅಪ್‌ಡೇಟ್‌ಗೇ ಹೋಗಿ ಬೆಳಗಿನ ಚಹಾ ಹೊತ್ತಿಗೇ ಮುಗಿದಿರುತ್ತದೆ.

ರ‍್ಯಾಮ್ ಕಥೆಯೂ ಇದೇ. ಏನೂ ತೆರೆಯದೆ ಸುಮ್ಮನಿದ್ದಾಗಲೇ ವಿಂಡೋಸ್ 11 ಅರ್ಧಕ್ಕಿಂತ ಹೆಚ್ಚು ರ‍್ಯಾಮ್ ಹಿಡಿದಿರುತ್ತದೆ. ಕ್ರೋಮ್‌ನಲ್ಲಿ ಐದಾರು ಟ್ಯಾಬ್ ತೆರೆದರೆ ಉಳಿದದ್ದು ಮುಗಿದು ಇಎಂಎಂಸಿ ಮೇಲೆ ಪೇಜಿಂಗ್ ಶುರುವಾಗುತ್ತದೆ. ಗ್ರಾಹಕರು 'ಹ್ಯಾಂಗ್' ಅನ್ನುವುದು ಇದಕ್ಕೇ.

ಇದೇ ಯಂತ್ರಕ್ಕೆ ಉಚಿತ ಓಎಸ್ ಆದ ಲಿನಕ್ಸ್ ಮಿಂಟ್ 22ರ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿದರೆ ಸುಮ್ಮನಿರುವಾಗ ಹಿಡಿಯುವ ರ‍್ಯಾಮ್ 1 ಜಿಬಿ ಆಸುಪಾಸು ಇರುತ್ತದೆ, ಡಿಸ್ಕ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿ ಉಳಿಯುತ್ತದೆ, 2029ರವರೆಗೆ ಅಪ್‌ಡೇಟ್ ಬರುತ್ತದೆ. ಇಳಿಸಿಕೊಳ್ಳಬೇಕಾದ ಇನ್‌ಸ್ಟಾಲ್ ಕಡತ (ಐಎಸ್‌ಒ) ಸುಮಾರು 3 ಜಿಬಿ. ಅದನ್ನು ರೂಫಸ್ ಅಥವಾ ಎಚರ್ ಎಂಬ ತಂತ್ರಾಂಶದಿಂದ 8 ಜಿಬಿ ಪೆನ್‌ಡ್ರೈವ್‌ಗೆ ಬರೆಯಿರಿ. ಪೆನ್‌ಡ್ರೈವ್‌ನಿಂದ ಯಂತ್ರ ಶುರು ಮಾಡಲು ಬೇಕಾದ ಬೂಟ್ ಮೆನುಗೆ ಎಚ್‌ಪಿಯಲ್ಲಿ ಎಫ್9, ಲೆನೊವೊದಲ್ಲಿ ಎಫ್12, ಆಸುಸ್‌ನಲ್ಲಿ ಎಸ್ಕೇಪ್. ಏಸರ್‌ನಲ್ಲಿ ಎಫ್12 ಕೆಲಸ ಮಾಡದಿದ್ದರೆ ಮೊದಲು ಎಫ್2 ಒತ್ತಿ ಬಯಾಸ್‌ಗೆ (ಯಂತ್ರದ ಮೂಲ ಸೆಟ್ಟಿಂಗ್ಸ್‌ಗೆ) ಹೋಗಿ ಬೂಟ್ ಮೆನು ಆನ್ ಮಾಡಬೇಕು. ಇನ್‌ಸ್ಟಾಲ್ ಮಾಡುವ ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ ವೈಫೈ, ಸ್ಪೀಕರ್, ಟಚ್‌ಪ್ಯಾಡ್ ಮೂರನ್ನೂ ನೋಡಿ. ಈ ದರ್ಜೆಯ ಯಂತ್ರಗಳಲ್ಲಿ ಹೆಚ್ಚು ಕೈಕೊಡುವುದು ರಿಯಲ್‌ಟೆಕ್ 8821ಸಿಇ ವೈಫೈ ಕಾರ್ಡ್: ಕಾಣಿಸಿಕೊಳ್ಳುತ್ತದೆ, ಆದರೆ ಆಗಾಗ ಕಡಿಯುತ್ತದೆ. ವೈಫೈ ಪವರ್ ಸೇವಿಂಗ್ ಆಫ್ ಮಾಡಿದರೆ ಎಷ್ಟೋ ಸಲ ಸರಿಹೋಗುತ್ತದೆ. ಆಗದಿದ್ದರೆ ಫೋನನ್ನು ಯುಎಸ್‌ಬಿ ಟೆದರಿಂಗ್‌ನಲ್ಲಿ ಜೋಡಿಸಿ ಬೇರೆ ಡ್ರೈವರ್ ಇಳಿಸಿಕೊಳ್ಳಿ.

ಕನ್ನಡಕ್ಕೆ ಮಿಂಟ್‌ನಲ್ಲಿ ಕೊರತೆ ಇಲ್ಲ. ಕೀಬೋರ್ಡ್ ಪಟ್ಟಿಯಲ್ಲಿ ನುಡಿಯಲ್ಲೂ ಇರುವ ಕಗಪ ಕೀಲಿ ವಿನ್ಯಾಸ ಇದೆ, ನುಡಿಯಲ್ಲಿ ಪಳಗಿದ ಬೆರಳಿಗೆ ಹೊಸದಾಗಿ ಕಲಿಯುವುದು ಹೆಚ್ಚೇನಿಲ್ಲ. ಗುಬ್ಬಿ, ನವಿಲು ಫಾಂಟ್‌ಗಳು ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲೇ ಸಿಗುತ್ತವೆ. ಯೂನಿಕೋಡ್‌ಗೂ ಮುಂಚಿನ ನುಡಿ ಕಡತಗಳು ಮಾತ್ರ ಲಿಬ್ರೆಆಫೀಸ್‌ನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ತೆರೆದುಕೊಳ್ಳುತ್ತವೆ. ಆ ಹಳೆಯ ನುಡಿ ಫಾಂಟ್ ಹಾಕಿ ಓದಬಹುದು, ಇಲ್ಲವೇ ಪರಿವರ್ತಕದಿಂದ ಯೂನಿಕೋಡ್‌ಗೆ ತರಬೇಕು.

ಹಾಗಾದರೆ ಎಲ್ಲರೂ ಲಿನಕ್ಸ್ ಏಕೆ ಹಾಕುವುದಿಲ್ಲ? ಈ ಜಗಳ ಹಳೆಯದು. 2007ರಲ್ಲಿ ಆಸುಸ್ 7 ಇಂಚಿನ 'ಈ ಪಿಸಿ 701' (Eee PC 701) ಎಂಬ ಪುಟ್ಟ ಲ್ಯಾಪ್‌ಟಾಪ್ ಬಿಟ್ಟಾಗ ಅದರಲ್ಲಿದ್ದದ್ದು ಲಿನಕ್ಸ್, 512 ಎಂಬಿ ರ‍್ಯಾಮ್, 4 ಜಿಬಿ ಡಿಸ್ಕ್. ನಿಲ್ಲಿಸಲು ಹೊರಟಿದ್ದ ವಿಂಡೋಸ್ ಎಕ್ಸ್‌ಪಿಯನ್ನು ಮೈಕ್ರೋಸಾಫ್ಟ್ ಇಂಥ ಯಂತ್ರಗಳಿಗೆಂದೇ ಮುಂದುವರಿಸಿ ಮಾರುಕಟ್ಟೆಯನ್ನು ಮರಳಿ ಪಡೆಯಿತು. ಆಮೇಲೆ ಕೊಟ್ಟ ವಿಂಡೋಸ್ 7 ಸ್ಟಾರ್ಟರ್‌ನಲ್ಲಿ ವಾಲ್‌ಪೇಪರ್ ಬದಲಿಸಲೂ ಬಿಡಲಿಲ್ಲ, ಜನ ಅದನ್ನೂ ಕೊಂಡರು. ವೇಗಕ್ಕಿಂತ ಜನರಿಗೆ ಬೇಕಾದದ್ದು ಪರಿಚಯದ ತಂತ್ರಾಂಶ, ಮನೆಯಲ್ಲಿರುವ ಪ್ರಿಂಟರ್.

ಪ್ರಿಂಟರ್ ಎಂದಾಗ: ಝೆರಾಕ್ಸ್ ಅಂಗಡಿ, ಸಣ್ಣ ಕಚೇರಿಗಳಲ್ಲೆಲ್ಲ ಕಾಣುವ ಕ್ಯಾನನ್ ಎಲ್‌ಬಿಪಿ2900 ಲಿನಕ್ಸ್‌ನಲ್ಲಿ ಗೋಳು ಹೊಯ್ದುಕೊಳ್ಳುತ್ತದೆ. ಎಚ್‌ಪಿ ಲೇಸರ್‌ಜೆಟ್ 1020, ಎಂ1005 ನಡೆಯುತ್ತವೆ, ಆದರೆ ಎಚ್‌ಪಿಯ ಲಿನಕ್ಸ್ ಡ್ರೈವರ್ ಎಚ್‌ಪ್ಲಿಪ್ (HPLIP) ಜೊತೆಗೆ ಅದರ ಪ್ಲಗಿನ್ ಕೂಡ ಹಾಕಿರಬೇಕು. ಅದಿಲ್ಲದೆ ಪ್ರಿಂಟರ್‌ಗೆ ಅದನ್ನು ನಡೆಸುವ ಒಳ ತಂತ್ರಾಂಶ (ಫರ್ಮ್‌ವೇರ್) ತಲುಪದೆ ಕಾಗದ ಎಳೆಯುವುದೇ ಇಲ್ಲ. ಗಂಗಾವತಿಯ ಅಕ್ಕಿ ಗಿರಣಿ, ಬಳ್ಳಾರಿಯ ಜೀನ್ಸ್ ಘಟಕ, ಎಪಿಎಂಸಿ ದಲಾಲಿ ಅಂಗಡಿ, ಎಲ್ಲಿ ಟ್ಯಾಲಿ ಇದೆಯೋ ಅಲ್ಲಿ ವಿಂಡೋಸ್ ತಪ್ಪುವುದಿಲ್ಲ. ಅಂಥವರು ಈ 4 ಜಿಬಿ ಯಂತ್ರವನ್ನೇ ಕೊಳ್ಳಬಾರದು. 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ ಇರುವ ಬಳಸಿದ ಯಂತ್ರವಾದರೂ ಲೇಸು, ಪ್ರೊಸೆಸರ್ ಇಂಟೆಲ್ 8ನೇ ತಲೆಮಾರಿನದು ಅಥವಾ ಹೊಸದಾಗಿರಲಿ. ಅದಕ್ಕೂ ಹಳೆಯದಕ್ಕೆ ವಿಂಡೋಸ್ 11ರ ಅಧಿಕೃತ ಬೆಂಬಲ ಇಲ್ಲ, ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಗೂಗಲ್‌ನ ಕ್ರೋಮ್ ಓಎಸ್ ಇರುವ ಲ್ಯಾಪ್‌ಟಾಪ್, ಅಂದರೆ ಕ್ರೋಮ್‌ಬುಕ್, ವಿಂಡೋಸ್, ಲಿನಕ್ಸ್ ಸೇರಿ ಈ ಮೂರರಲ್ಲಿ ಅತಿ ಕಡಿಮೆ ಕಿರಿಕಿರಿಯದು, ಶಾಲೆಯ ಮಕ್ಕಳಿಗೆ ಚೆನ್ನ. ಅಪ್‌ಡೇಟ್ ಹಿನ್ನೆಲೆಯಲ್ಲೇ ಆಗುತ್ತದೆ, ಆ್ಯಂಡ್ರಾಯ್ಡ್ ಆ್ಯಪ್ ಓಡುತ್ತವೆ. ಆದರೆ 10 ವರ್ಷದ ಅಪ್‌ಡೇಟ್ ಭರವಸೆ ಲೆಕ್ಕ ಹಿಡಿಯುವುದು ಆ ಮಾದರಿಯ ಹಾರ್ಡ್‌ವೇರ್ ಬಿಡುಗಡೆಯಾದ ದಿನದಿಂದ, ನೀವು ಕೊಂಡ ದಿನದಿಂದಲ್ಲ. ಸೆಟ್ಟಿಂಗ್ಸ್‌ನಲ್ಲಿ 'ಅಬೌಟ್ ಕ್ರೋಮ್ ಓಎಸ್' ತೆರೆದರೆ ಕೊನೆಯ ತಿಂಗಳು ಕಾಣುತ್ತದೆ. ಮುಂದೆ ವಿಂಡೋಸ್ ಹಾಕಿಕೊಂಡರಾಯಿತು ಎಂದು ಕ್ರೋಮ್‌ಬುಕ್ ಕೊಳ್ಳಬೇಡಿ, ಫರ್ಮ್‌ವೇರ್ ಬದಲಿಸುವ ತನಕ ಹೋಗಬೇಕಾಗುತ್ತದೆ. ಹಳೆಯ ಪಿಸಿಗೆ ಹಾಕುವ ಕ್ರೋಮ್ ಓಎಸ್ ಫ್ಲೆಕ್ಸ್‌ನಲ್ಲಿ ಪ್ಲೇ ಸ್ಟೋರ್ ಇಲ್ಲ. 2023ರ ಜಿಯೋಬುಕ್ ಫೋನ್, ಟ್ಯಾಬ್‌ಗಳಲ್ಲಿರುವಂಥ ಮೀಡಿಯಾಟೆಕ್ ಚಿಪ್‌ನದು; ಅದನ್ನು ಕೀಬೋರ್ಡ್ ಇರುವ ಟ್ಯಾಬ್ ಎಂದೇ ಲೆಕ್ಕ ಹಾಕಿ.

ಫ್ಯಾನ್ ಇಲ್ಲದ ಮಾದರಿಗಳಿಗೆ ನಮ್ಮ ಕಡೆಯ ಏಪ್ರಿಲ್, ಮೇ ಬಿಸಿಲು ಇನ್ನೊಂದು ಪರೀಕ್ಷೆ. ಹೊರಗೆ 40 ಡಿಗ್ರಿ ದಾಟಿದಾಗ ಪ್ರೊಸೆಸರ್ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ಹಾಸಿಗೆಯ ಮೇಲಿಟ್ಟು ಓಡಿಸಿದರೆ ಇನ್ನೂ ಕೆಟ್ಟದು. ವಿಂಡೋಸ್‌ನ ಅಪ್‌ಡೇಟ್, ಡಿಫೆಂಡರ್ ಸ್ಕ್ಯಾನ್‌ಗಳನ್ನು ಬೆಳಗಿನ ತಂಪಿಗೆ ಹಚ್ಚಿ.

ದುಡ್ಡು ಕೊಡುವ ಮುನ್ನ ಎಸ್‌ಎಸ್‌ಡಿ ಹಾಕಲು ಖಾಲಿ ಎಂ.2 ಸ್ಲಾಟ್ ಇದೆಯೇ ಕೇಳಿ. ಕೆಲವು ಮಾದರಿಗಳಲ್ಲಿ ಇರುತ್ತದೆ, ಆಗ ಜಾಗದ ಚಿಂತೆ ಮುಗಿಯಿತು. 'ಡಾಸ್' (ವಿಂಡೋಸ್ ಇಲ್ಲದೆ ಮಾರುವ) ಯಂತ್ರಕ್ಕೆ ಅಂಗಡಿಯವರೇ ವಿಂಡೋಸ್ ಹಾಕಿಕೊಟ್ಟಿದ್ದರೆ ಆ್ಯಕ್ಟಿವೇಶನ್ ಪುಟ ತೆರೆಸಿ ನೋಡಿ. ಅಲ್ಲಿ 'ನಿಮ್ಮ ಸಂಸ್ಥೆಯ ಆ್ಯಕ್ಟಿವೇಶನ್ ಸೇವೆ' ಎಂಬರ್ಥದ ಇಂಗ್ಲಿಷ್ ಸಾಲು ಇದ್ದರೆ ಅದು ಕ್ರ್ಯಾಕ್ ಮಾಡಿದ್ದು. ಲೈಸೆನ್ಸ್ ಎಂದು ಬಿಲ್ಲಿನಲ್ಲಿ ಸೇರಿಸಿದ ಮೊತ್ತವನ್ನು ಅಲ್ಲೇ ಕಡಿಸಿ.