ಗೊಂಬೆ ಮೆಟ್ಟಿಲಿನ 108 ಸ್ಕ್ರೂ ಮತ್ತು ಒಂದು ಪುಟ್ಟ ಕಾರ್ಡ್‌ಲೆಸ್ ಸ್ಕ್ರೂಡ್ರೈವರ್

ಮೊದಲೇ ಹೇಳಿಬಿಡುತ್ತೇನೆ, ನಾನು ಮರಗೆಲಸದವಳಲ್ಲ. ಇರೋದು ಮಂಡ್ಯದಲ್ಲಿ, ತವರುಮನೆ ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿ. ದಸರಾ ಬಂತು ಅಂದರೆ ಅಮ್ಮನ ಮನೆಯ ಅಟ್ಟ ಹತ್ತಿ ಗೊಂಬೆ ಮೆಟ್ಟಿಲು ಇಳಿಸಿ ಜೋಡಿಸೋ ಕೆಲಸ ನನ್ನದು. ಅಣ್ಣನಿಗೆ ಅಷ್ಟು ಹೊತ್ತಿಗೆ ಸರಿಯಾಗಿ ಬೆನ್ನು ನೋವು ಬರುತ್ತದೆ.

ಆ ಮೆಟ್ಟಿಲು ತಾತ ಮಾಡಿಸಿದ್ದು. ಎರಡು ಪಕ್ಕದಲ್ಲಿ ಹೊನ್ನೆ ಮರದ ಚೌಕಟ್ಟು, ನಡುವೆ ಏಳು ಸಿಲ್ವರ್ ಓಕ್ ಹಲಗೆ. ಒಂದೊಂದು ಹಲಗೆಗೆ ಆ ಕಡೆ ಮೂರು ಈ ಕಡೆ ಮೂರು ಸ್ಕ್ರೂ, ಅಲ್ಲಿಗೆ 42. ಹಿಂದೆ ಅಡ್ಡಪಟ್ಟಿಗಳಿಗೆ ಇನ್ನು 12. ಒಟ್ಟು 54. ಹಬ್ಬಕ್ಕೆ ಮುಂಚೆ 54 ಹಾಕಬೇಕು, ವಿಜಯದಶಮಿ ಕಳೆದ ಮೇಲೆ 54 ಬಿಚ್ಚಬೇಕು, ಅಂದರೆ ವರ್ಷಕ್ಕೊಂದು ಅಷ್ಟೋತ್ತರ. ಇಷ್ಟು ವರ್ಷ ಕೈಯಲ್ಲೇ ತಿರುಗಿಸಿದೆ. ಪಟ್ಟದ ಗೊಂಬೆ ಕೂರಿಸೋ ಹೊತ್ತಿಗೆ ಅಂಗೈಯಲ್ಲಿ ಬೊಬ್ಬೆ, ಮಣಿಕಟ್ಟು ಹಿಡಿದುಕೊಂಡು ಮಾರನೇ ದಿನ ದೋಸೆ ಹಿಟ್ಟು ಕಲಸೋಕೂ ಆಗುತ್ತಿರಲಿಲ್ಲ. ಹಾಗಾಗಿ ಎರಡು ವರ್ಷದ ಹಿಂದೆ ಬ್ಯಾಟರಿ ಸ್ಕ್ರೂಡ್ರೈವರ್ ತಗೊಂಡೆ. ಒಂದಲ್ಲ, ಎರಡು. ಯಾಕೆ ಎರಡು ಅನ್ನೋದೇ ಈ ಕಥೆ.

ಮೊದಲನೆಯದು ಆನ್‌ಲೈನ್‌ನಲ್ಲಿ ತರಿಸಿದ್ದು. ಯಾವ ಕಂಪನಿ ಅಂತ ಹೇಳೋಲ್ಲ, ಹೇಳಿದರೂ ಆ ಹೆಸರು ನಿಮಗೆ ನೆನಪಿರಲ್ಲ. ಬೆಲೆ ಕಡಿಮೆ, ಡಬ್ಬಿ ದೊಡ್ಡದು, ಒಳಗೆ 45 ಬಿಟ್, ಅಂದರೆ ಸ್ಕ್ರೂ ತಲೆಗೆ ತಕ್ಕ ಹಾಗೆ ಮೂತಿಗೆ ಸಿಕ್ಕಿಸೋ ತುದಿಗಳು. ಆ ಬಿಟ್ ರಾಶಿ ನೋಡಿಯೇ ನಾನು ಮರುಳಾಗಿದ್ದು. ನಲವತ್ತೈದರಲ್ಲಿ ನನಗೆ ಕೆಲಸಕ್ಕೆ ಬಂದಿದ್ದು ನಾಲ್ಕು. ಉಳಿದವು ಈಗಲೂ ಹೊಸದಾಗಿಯೇ ಇವೆ, ಬಳೆ ಅಂಗಡಿ ಥರ ಸಾಲಾಗಿ.

ಬಂದ ದಿನ ಚಾರ್ಜಿಗೆ ಹಾಕಿದೆ. ದೀಪವೇ ಬರಲಿಲ್ಲ. ಫೋನಿನ ಹೊಸ ಚಾರ್ಜರ್, ಎರಡೂ ತುದಿ ಟೈಪ್ ಸಿ ಇರೋ ಕೇಬಲ್, ರಾತ್ರಿಯೆಲ್ಲ ಬಿಟ್ಟರೂ ಉಸಿರಿಲ್ಲ. ವಾಪಸ್ ಕಳಿಸೋಣ ಅಂತ ಪ್ಯಾಕ್ ಮಾಡುತ್ತಿದ್ದೆ. ಆಗ ಮಗ ಬಂದು ಹಳೇ ಚಾರ್ಜರ್ ತೆಗೆದ, ಅದೇ ಒಂದು ತುದಿ ಚಪ್ಪಟೆ ದೊಡ್ಡ ಯುಎಸ್‌ಬಿ ಇರೋದು, ಚುಚ್ಚಿದ ಕೂಡಲೇ ಕೆಂಪು ದೀಪ ಹತ್ತಿತು. ಅವನು ಹೇಳಿದ್ದು ಇಷ್ಟು: ಟೈಪ್ ಸಿ ಸಾಧನದ ಒಳಗೆ 5.1 ಕಿಲೋ ಓಮಿನ ಎರಡು ಪುಟ್ಟ ರೆಸಿಸ್ಟರ್ ಇರಬೇಕು, ಅವನ್ನು ನೋಡಿಯೇ ಹೊಸ ಚಾರ್ಜರ್ ಕರೆಂಟ್ ಬಿಡೋದು. ಕೆಲವು ಅಗ್ಗದ ಸಾಮಾನಿನಲ್ಲಿ ಆ ರೆಸಿಸ್ಟರನ್ನೇ ಹಾಕಿರಲ್ಲ. ಹಳೇ ಚಾರ್ಜರ್ ಏನೂ ಕೇಳಲ್ಲ, ಸುಮ್ನೆ 5 ವೋಲ್ಟ್ ಕೊಡುತ್ತಾ ಇರುತ್ತದೆ. ನಿಮ್ಮದೂ ಚಾರ್ಜ್ ಆಗುತ್ತಿಲ್ಲ ಅಂದರೆ ಎಸೆಯೋಕೆ ಮುಂಚೆ ಇದನ್ನೊಂದು ಸಲ ನೋಡಿ.

ಸರಿ, ಚಾರ್ಜ್ ಆಯಿತು. ಆಮೇಲೆ ಗೊತ್ತಾಯಿತು ಇದಕ್ಕೆ ಕ್ಲಚ್ ಇಲ್ಲ ಅಂತ. ಕ್ಲಚ್ ಅಂದರೆ ಮೂತಿ ಹತ್ತಿರ 1, 2, 3 ಅಂತ ಬರೆದಿರೋ ಬಳೆ. ಇಷ್ಟು ಬಿಗಿಯಾದ ಮೇಲೆ ಸಾಕು ಅಂತ ಅದು ಕಿರ್ ಕಿರ್ ಅಂದು ಬಿಟ್ಟುಕೊಡುತ್ತದೆ. ಅದಿಲ್ಲದಿದ್ದರೆ ಯಂತ್ರಕ್ಕೆ ನಿಲ್ಲೋದೇ ಗೊತ್ತಾಗಲ್ಲ. ಮಂಡ್ಯದ ಮನೆಯಲ್ಲಿ ಸ್ವಿಚ್ ಬೋರ್ಡಿನ ಪ್ಲೇಟ್ ಬಿಚ್ಚಿ ಮತ್ತೆ ಹಾಕುವಾಗ ಒಂದೇ ಒಂದು ಕ್ಷಣ ಗುಂಡಿ ಜಾಸ್ತಿ ಒತ್ತಿದೆ. ಟಕ್. ಸ್ಕ್ರೂ ಇದ್ದ ಮೂಲೆಯಿಂದ ಪ್ಲೇಟಿನ ಅಂಚಿನವರೆಗೆ ಕೂದಲೆಳೆಯಷ್ಟು ಬಿರುಕು. ನಮ್ಮವರು ಏನೂ ಅನ್ನಲಿಲ್ಲ. ಆದರೆ ಬಂದ ನೆಂಟರಿಗೆಲ್ಲ ಅದನ್ನು ತೋರಿಸಿದರು. (ಮೇನ್ ಆಫ್ ಮಾಡಿಯೇ ಬಿಚ್ಚಿದ್ದೆ ಅಂತ ಇಲ್ಲಿ ಸ್ಪಷ್ಟ ಮಾಡುತ್ತೇನೆ. ಈ ಡ್ರೈವರಿನ ಬಿಟ್ ಬರೀ ಕಬ್ಬಿಣ, ಟೆಸ್ಟರ್ ಥರ ಪ್ಲಾಸ್ಟಿಕ್ ಕವಚ ಇರಲ್ಲ. ಕರೆಂಟ್ ಇರೋ ಕಡೆ ಇದನ್ನು ತೂರಿಸಲೇಬೇಡಿ.)

ಆ ಪ್ಲೇಟ್ ಒಡೆದ ಮೇಲೆ ಎರಡನೆಯದನ್ನು ಕಣ್ಣಲ್ಲಿ ನೋಡಿ, ಕೈಯಲ್ಲಿ ಹಿಡಿದೇ ತಗೋಬೇಕು ಅಂತ ಮೈಸೂರಿಗೆ ಹೋದಾಗ ಸಂತೆಪೇಟೆ ಕಡೆ ಹೋದೆ. ಹಾರ್ಡ್‌ವೇರ್ ಅಂಗಡಿಗೆ ಹೆಂಗಸು ಒಬ್ಬಳೇ ಹೋದರೆ ಮೊದಲು ಕೇಳೋದು "ಯಾರಿಗೆ ಮೇಡಂ?" ಅಂತಲೇ. ನನಗೇ ಅಂದೆ. ಅಂಗಡಿಯವರು ನಕ್ಕರು, ಆದರೆ ಒಳ್ಳೆಯವರು. ನಾಲ್ಕು ಡಬ್ಬಿ ಬಿಚ್ಚಿಟ್ಟು, ಒಂದು ಮರದ ತುಂಡು ಮುಂದೆ ಹಾಕಿ, "ಹಾಕಿ ನೋಡಿ ಮೇಡಂ, ಕಾಸು ಆಮೇಲೆ" ಅಂದರು. ಆನ್‌ಲೈನ್‌ನಲ್ಲಿ ಈ ಮರದ ತುಂಡು ಸಿಗಲ್ಲ, ಅಲ್ವಾ?

ಅಲ್ಲಿ ಕಲಿತದ್ದು ಬಹಳ. ಈ ಪುಟ್ಟ ಡ್ರೈವರುಗಳಲ್ಲಿ ಬಹುತೇಕ ಎಲ್ಲದರ ಹೊಟ್ಟೆಯಲ್ಲೂ ಒಂದೇ ಒಂದು ಲಿಥಿಯಂ ಸೆಲ್, 3.6 ವೋಲ್ಟ್. ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನೋದಕ್ಕೆ ಆಂಪಿಯರ್ ಅವರ್ ಲೆಕ್ಕ, ನನ್ನದು 1.5. ಜೋರು ಎಷ್ಟು ಅನ್ನೋದನ್ನು ನ್ಯೂಟನ್ ಮೀಟರಿನಲ್ಲಿ ಬರೆದಿರುತ್ತಾರೆ, ಈ ಸೈಜಿನವು ಹೆಚ್ಚಾಗಿ 3ರಿಂದ 5ರ ಒಳಗೆ. 5 ನ್ಯೂಟನ್ ಮೀಟರ್ ಅಂದರೆ ಎಷ್ಟು? ಒಂದು ಮೀಟರ್ ಉದ್ದದ ಕೋಲನ್ನು ಅಡ್ಡ ಹಿಡಿದು ಅದರ ತುದಿಗೆ ಅರ್ಧ ಕೆಜಿ ಬೆಲ್ಲದ ಅಚ್ಚು ಕಟ್ಟಿ, ಆಗ ಬುಡದಲ್ಲಿ ಹಿಡಿದ ಕೈಗೆ ಎಷ್ಟು ತಿರುಚಿದ ಹಾಗಾಗುತ್ತದೋ ಅಷ್ಟು. ಗಟ್ಟಿ ಕೈಯ ಗಂಡಸು ಒಳ್ಳೆ ಹಿಡಿಕೆಯ ಸ್ಕ್ರೂಡ್ರೈವರಿನಲ್ಲಿ ಹೆಚ್ಚುಕಡಿಮೆ ಅಷ್ಟು ಬಲ ಹಾಕಬಲ್ಲ. ಅಂದರೆ ಈ ಯಂತ್ರ ನಿಮಗಿಂತ ಬಲಶಾಲಿ ಏನಲ್ಲ. ನಿಮಗೆ ಸುಸ್ತಾಗುತ್ತದೆ, ಅದಕ್ಕೆ ಆಗಲ್ಲ, ಅಷ್ಟೇ ವ್ಯತ್ಯಾಸ. ಇದನ್ನು ತಿಳಿಯದೆ ತಗೊಂಡವರೇ ಆಮೇಲೆ "ಗೋಡೆಗೆ ತೂತು ಹೊಡೆಯಲ್ಲ, ವೇಸ್ಟು" ಅಂತ ಬೈಯೋದು. ಗೋಡೆ ಕೊರೆಯೋಕೆ ಇದು ಇರೋದೇ ಅಲ್ಲ. ಪರದೆ ರಾಡ್ ಹಾಕಬೇಕಾ, ಹ್ಯಾಮರ್ ಡ್ರಿಲ್ ಇರೋರನ್ನ ಕರೀರಿ.

ಆಕಾರದ ವಿಷಯಕ್ಕೆ ಬಂದರೆ, ಪಿಸ್ತೂಲಿನ ಹಾಗಿರೋದು ಹಿಡಿಯೋಕೆ ಸುಖ, ನೆಟ್ಟಗಿರೋದು ಸಂದಿಗೆ ಹೋಗುತ್ತದೆ. ನನ್ನ ಮೆಟ್ಟಿಲಿನ ಹಿಂದಿನ ಅಡ್ಡಪಟ್ಟಿಗೂ ಗೋಡೆಗೂ ನಡುವೆ ಒಂದು ಗೇಣು ಜಾಗ, ಹಾಗಾಗಿ ನೆಟ್ಟಗಿರೋದನ್ನೇ ಆರಿಸಿದೆ. ಪೆನ್ನಿನಷ್ಟು ಸಣ್ಣವೂ ಇದ್ದವು, ಅವು ಮೊಬೈಲ್, ಕನ್ನಡಕ ಬಿಚ್ಚೋಕೆ, ಮರಕ್ಕಲ್ಲ.

ಅಂಗಡಿಯಲ್ಲಿ ನಾನು ಮಾಡಿದ ಒಂದು ಪರೀಕ್ಷೆ ನೀವೂ ಮಾಡಿ. ಗುಂಡಿ ಒತ್ತದೆ, ಬಿಟ್ಟನ್ನು ಸ್ಕ್ರೂ ಮೇಲಿಟ್ಟು ಇಡೀ ಯಂತ್ರವನ್ನೇ ಮಾಮೂಲಿ ಸ್ಕ್ರೂಡ್ರೈವರ್ ಥರ ಕೈಯಲ್ಲಿ ತಿರುಗಿಸಿ. ಒಳಗಿನ ಗಿಯರ್ ಲಾಕ್ ಆಗಿ ಸ್ಕ್ರೂ ಜೊತೆಗೆ ತಿರುಗಿದರೆ ಒಳ್ಳೆಯದು. ಬಿಟ್ ನಿಂತಲ್ಲೇ ನಿಂತು ಹಿಡಿಕೆ ಮಾತ್ರ ತಿರುಗಿದರೆ ಅದನ್ನು ಅಲ್ಲೇ ಬಿಟ್ಟುಬನ್ನಿ. ಯಾಕೆ ಅಂದರೆ ಕೊನೆಯ ಕಾಲು ಸುತ್ತು ಕೈಯಲ್ಲೇ ಆಗಬೇಕು. ಬಿಚ್ಚುವಾಗ ಮೊದಲ ಕಾಲು ಸುತ್ತು ಕೂಡ. ವರ್ಷವಿಡೀ ಬಿಗಿಯಾಗಿ ಕೂತಿದ್ದ ಬಾಗಿಲ ಕೀಲಿನ ಸ್ಕ್ರೂಗೆ ಮೋಟಾರ್ ಹಾಕಿದರೆ ಅದು ಮುಲುಗಿ ನಿಲ್ಲುತ್ತದೆ, ನೀವು ಒತ್ತುತ್ತಾ ಇದ್ದರೆ ಬಿಸಿಯಾಗುತ್ತದೆ. ಕೈಯಲ್ಲಿ ಒಂದು ಸಲ ಸಡಿಲ ಮಾಡಿ, ಆಮೇಲೆ ಮೋಟಾರಿಗೆ ಕೊಡಿ, ಸರ್ರಂತ ಬರುತ್ತದೆ.

ಕೊನೆಗೆ ತಗೊಂಡದ್ದಕ್ಕೆ 2,300 ರೂಪಾಯಿ ಕೊಟ್ಟೆ. ಆರು ಹಂತದ ಕ್ಲಚ್, ಮೂತಿಯಲ್ಲಿ ಸಣ್ಣ ದೀಪ, ಹತ್ತೇ ಬಿಟ್.

ಇನ್ನು ಮೆಟ್ಟಿಲಿನ ವಿಷಯ. ತಾತನ ಕಾಲದ ಸ್ಕ್ರೂಗಳು ಹಿತ್ತಾಳೆಯವು, ತಲೆಯಲ್ಲಿ ಒಂದೇ ಗೀರು, ನಾವು ಮೈನಸ್ ಅನ್ನುತ್ತೀವಲ್ಲ ಅದು. ನೋಡೋಕೆ ಚಂದ, ಮೋಟಾರಿಗೆ ಶತ್ರು. ಕೈಯಲ್ಲಾದರೆ ಬಿಟ್ ಜಾರೋದು ನಮಗೆ ತಿಳಿಯುತ್ತದೆ. ಮೋಟಾರಿನಲ್ಲಿ ಅದು ಗೀರಿನ ಉದ್ದಕ್ಕೂ ಜಾರಿ ಪಕ್ಕಕ್ಕೆ ಹಾರಿತು, ಮೂರನೇ ಹಲಗೆ ಮೇಲೆ ಬೆರಳುದ್ದದ ಗೀಚು. ಈಗ ಆ ಗೀಚಿನ ಮೇಲೆ ಸರಿಯಾಗಿ ದಿನಸಿ ಅಂಗಡಿ ಶೆಟ್ಟರ ಗೊಂಬೆ ಕೂರುತ್ತದೆ, ಅವರ ಹೊಟ್ಟೆ ದೊಡ್ಡದು, ಏನೂ ಕಾಣಲ್ಲ.

ಅಮ್ಮನನ್ನು ಒಪ್ಪಿಸಿ ಅಷ್ಟನ್ನೂ ಬದಲಾಯಿಸಿದೆ. 8 ನಂಬರಿನ ಒಂದೂವರೆ ಇಂಚಿನ ಸ್ಟಾರ್ ಸ್ಕ್ರೂ. ಇಲ್ಲೊಂದು ಸೂಕ್ಷ್ಮ ಇದೆ. ನಾವು ಎಲ್ಲದಕ್ಕೂ ಸ್ಟಾರ್ ಅಂತೀವಿ, ಆದರೆ ಫಿಲಿಪ್ಸ್ ಬೇರೆ, ಪೋಜಿಡ್ರೈವ್ ಬೇರೆ. ತಲೆಯನ್ನು ಬೆಳಕಿಗೆ ಹಿಡಿದು ನೋಡಿ. ಬರೀ ಕೂಡಿಸೋ ಚಿಹ್ನೆ ಇದ್ದರೆ ಫಿಲಿಪ್ಸ್. ಅದರ ನಾಲ್ಕು ತೋಳಿನ ನಡುನಡುವೆ ಇನ್ನೂ ನಾಲ್ಕು ತೆಳು ಗೀಟು ಇದ್ದರೆ ಪೋಜಿಡ್ರೈವ್. ಬಿಟ್ ಮೇಲೆ ಪಿಎಚ್ 2, ಪಿಜಡ್ 2 ಅಂತ ಕೊರೆದಿರುತ್ತಾರೆ, ಅದಕ್ಕೆ ಅದೇ ಹಾಕಬೇಕು. ಅದಲುಬದಲು ಮಾಡಿದರೆ ಟರ್ರ್ ಅಂತ ಜಾರಿ ತಲೆ ಬಟ್ಟಲಾಗಿಬಿಡುತ್ತದೆ. ಸರಿಯಾದ ಬಿಟ್ ಇದ್ದರೂ ಫಿಲಿಪ್ಸ್ ಜಾರೋ ಜಾತಿಯೇ, ಬದಿಗಳು ಇಳಿಜಾರಾಗಿರೋದರಿಂದ ಬಿಗಿಯಾದಷ್ಟೂ ಬಿಟ್ಟನ್ನು ಮೇಲಕ್ಕೆ ತಳ್ಳುತ್ತದೆ. ಅದಕ್ಕೇ ಹಿಂದಿನಿಂದ ನೆಟ್ಟಗೆ ಒತ್ತಿ ಹಿಡಿಯಬೇಕು. ತಿರುಗಿಸೋ ಕೆಲಸ ಯಂತ್ರದ್ದು, ಒತ್ತೋ ಕೆಲಸ ನಮ್ಮದೇ.

ಹೊಸ ಸ್ಕ್ರೂ ಹೊನ್ನೆಗೆ ಇಳಿಯಲಿಲ್ಲ. ಹೊನ್ನೆ ಗಟ್ಟಿ ಮರ, ಅರ್ಧಕ್ಕೆ ಹೋಗಿ ಯಂತ್ರ ನಿಂತಿತು. ಅದೇ ಹೊತ್ತಿಗೆ ಪಕ್ಕದ ಮನೆ ಬಾಗಿಲು ಸರಿಮಾಡೋಕೆ ಬಂದಿದ್ದ ಆಚಾರ್ರು ಇಣುಕಿ ನೋಡಿ, "ಏನಕ್ಕಾ ಇದು, ಮಕ್ಕಳಾಟದ್ದಾ?" ಅಂದರು. ಹೇಳಿದೆ. ಅವರು ತಮ್ಮ ಡ್ರಿಲ್ ತಂದು ಚೌಕಟ್ಟಿನ ಪ್ರತಿ ಜಾಗಕ್ಕೂ 3 ಎಂಎಂ ತೂತು ಹಾಕಿಕೊಟ್ಟು, ಸ್ಕ್ರೂ ಸುರುಳಿಗೆ ಮೇಣದ ಬತ್ತಿ ಉಜ್ಜಿ ಅಂದರು. ಸೋಪು ಉಜ್ಜಿದರೆ ಆಗಲ್ವಾ ಅಂತ ಕೇಳಿದೆ. "ಸೋಪು ತ್ಯಾವ ಎಳ್ಕೊಳತ್ತಕ್ಕಾ, ಮುಂದಿನ ವರ್ಷಕ್ಕೆ ತುಕ್ಕು ಹಿಡಿದು ಬಿಚ್ಚಕ್ಕಾಗಲ್ಲ." ಮೇಣ ಉಜ್ಜಿ ಹಾಕಿದೆ. ಅದೇ ಯಂತ್ರ, ಅದೇ ಮರ, ಈಗ ಬೆಣ್ಣೆಗೆ ಹೋದ ಹಾಗೆ ಹೋಯಿತು. ಆಚಾರ್ರು ಒಂದು ಸ್ಕ್ರೂ ತಾವೇ ಹಾಕಿ ನೋಡಿ, "ಪರವಾಗಿಲ್ಲ, ಮನೆಗೆ ಸಾಕು" ಅಂದರು. ಅವರಿಂದ ಅದು ದೊಡ್ಡ ಪ್ರಶಸ್ತಿ.

ನಾನು ಕಂಡುಕೊಂಡ ರೀತಿ ಹೀಗೆ. ಮೊದಲ ಎರಡು ಸುತ್ತು ಕೈಯಲ್ಲಿ, ಆಗ ಸ್ಕ್ರೂ ಸೊಟ್ಟ ಹೋಗಲ್ಲ. ಆಮೇಲೆ ಮೋಟಾರ್, ಕ್ಲಚ್ ನಾಲ್ಕರಲ್ಲಿ, ಕಿರ್ ಅನ್ನೋವರೆಗೆ. ಕೊನೆಗೆ ಕೈಯಲ್ಲಿ ಕಾಲು ಸುತ್ತು. ಹಲಗೆ ಹಿಡಿದುಕೊಳ್ಳೋಕೆ ಮಗನನ್ನು ನಿಲ್ಲಿಸಿಕೊಂಡು 54 ಸ್ಕ್ರೂ ಮುಗಿಯೋಕೆ ನಲವತ್ತು ನಿಮಿಷ ಆಯಿತು, ಮೊದಲು ಒಂದು ಸಂಜೆ ಪೂರ್ತಿ ಬೇಕಿತ್ತು. ಮೂರು ಬ್ಯಾಟರಿ ದೀಪದಲ್ಲಿ ಒಂದು ಮಾತ್ರ ಆರಿತ್ತು. ಅಮ್ಮ ಹೊಸದಾಗಿ ಗೊಂಬೆ ಸೀರೆಗೆ ಜರಿ ಹಚ್ಚುತ್ತಾ ಕೂತಿದ್ದವರು ತಲೆ ಎತ್ತಿ, ಇಷ್ಟು ಬೇಗ ಮುಗೀತಾ, ಅಲ್ಲಾಡಿಸಿ ನೋಡು ಅಂದರು. ಅಲ್ಲಾಡಿಸಿದೆ. ಅಲ್ಲಾಡಲಿಲ್ಲ.

ವರ್ಷಕ್ಕೊಮ್ಮೆ ಬಳಸೋರಿಗೆ ಬ್ಯಾಟರಿ ವಿಷಯ ಮುಖ್ಯ. ಹಿಂದೆ ಇಂಥವು ನಿಕಲ್ ಕ್ಯಾಡ್ಮಿಯಂ ಬ್ಯಾಟರಿಯಲ್ಲಿ ಬರುತ್ತಿದ್ದವು. ಅವು ಸುಮ್ನೆ ಇಟ್ಟರೂ ಸೋರಿಹೋಗುತ್ತಿದ್ದವು, ಬೇಕಾದ ದಿನ ತೆಗೆದರೆ ಸತ್ತಿರುತ್ತಿದ್ದವು. ಬಾಷ್‌ನವರು 2003ರಲ್ಲಿ ಇಕ್ಸೋ ಅನ್ನೋ ಪುಟ್ಟ ಡ್ರೈವರನ್ನು ಲಿಥಿಯಂ ಸೆಲ್ ಹಾಕಿ ತಂದ ಮೇಲೆ ಈ ಜಾತಿಯ ಯಂತ್ರ ಮನೆಮನೆಗೆ ಬರೋ ಹಾಗಾಯಿತು. ಲಿಥಿಯಂ ತಿಂಗಳುಗಟ್ಟಲೆ ಚಾರ್ಜ್ ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಪೂರ್ತಿ ಖಾಲಿ ಮಾಡಿ ಎತ್ತಿಟ್ಟರೆ ಸಾಯುತ್ತದೆ, ಪೂರ್ತಿ ತುಂಬಿಸಿ ಬಿಸಿಲಲ್ಲಿಟ್ಟರೆ ಬೇಗ ಮುದಿಯಾಗುತ್ತದೆ. ಅರ್ಧ ಚಾರ್ಜ್ ಮಾಡಿ ತಂಪಾದ ಕಡೆ ಇಡಿ. ನಾನು ಮೊದಲ ವರ್ಷ ಹೆಂಚಿನ ಕೆಳಗಿನ ಅಟ್ಟದಲ್ಲಿ ಗೊಂಬೆ ಪೆಟ್ಟಿಗೆ ಜೊತೆ ಇಟ್ಟಿದ್ದೆ, ಏಪ್ರಿಲ್‌ನಲ್ಲಿ ಅಲ್ಲಿ ಹಪ್ಪಳ ಒಣಗಿಸಬಹುದು. ಆಮೇಲಿಂದ ಬೀರುವಿನಲ್ಲಿಡೋಕೆ ಶುರುಮಾಡಿದೆ.

ದೂರುಗಳೂ ಇವೆ. ದೀಪ ಬಿಟ್ಟಿನ ನೆರಳನ್ನು ಸರಿಯಾಗಿ ಸ್ಕ್ರೂ ತಲೆ ಮೇಲೇ ಬೀಳಿಸುತ್ತದೆ, ಯಾರು ಯೋಚಿಸಿ ಇಟ್ಟರೋ. ಮುಂದೆ ಹಿಂದೆ ಬದಲಾಯಿಸೋ ಗುಂಡಿ ಹೆಬ್ಬೆರಳಿಗೆ ಸಿಕ್ಕೋ ಜಾಗದಲ್ಲಿದೆ, ಬಿಗಿ ಮಾಡೋಕೆ ಹೋಗಿ ಎಷ್ಟೋ ಸಲ ಬಿಚ್ಚಿದ್ದೇನೆ. ಬ್ಯಾಟರಿ ಒಳಗೇ ಕೂರಿಸಿರೋದರಿಂದ ಅದು ಹೋದ ದಿನ ನಾವೇ ಬದಲಾಯಿಸೋ ಹಾಗಿಲ್ಲ. ಜೊತೆಗೆ ಬಂದ ಪಿಎಚ್ 2 ಬಿಟ್ ಒಂದೇ ದಸರಾಕ್ಕೆ ಮೂತಿ ಸವೆಯಿತು, ಅಂಗಡಿಯಲ್ಲಿ ಗಟ್ಟಿ ಬಿಟ್ ಬೇರೆ ತಗೊಂಡೆ. ಹಿಂಬದಿ ಕಾಲಿಂಚು ಆರು ಮೂಲೆಯದೇ ಇರೋದರಿಂದ ಯಾವ ಕಂಪನಿಯದ್ದಾದರೂ ಕೂರುತ್ತದೆ.

ಮೆಟ್ಟಿಲು ಬಿಟ್ಟರೆ ಮನೆಯಲ್ಲಿ ಕುಕ್ಕರ್ ಹಿಡಿ, ಸೊಳ್ಳೆ ಪರದೆಯ ಫ್ರೇಮು, ಮಕ್ಕಳ ಆಟದ ಸಾಮಾನಿನ ಬ್ಯಾಟರಿ ಮುಚ್ಚಳ, ಎಲ್ಲಕ್ಕೂ ಬಳಸಿದ್ದೇನೆ. ಪ್ಲಾಸ್ಟಿಕ್ಕಿಗೆ ಕ್ಲಚ್ ಒಂದರಲ್ಲೇ ಇಡುತ್ತೇನೆ, ಆ ಸ್ವಿಚ್ ಪ್ಲೇಟಿನ ಬಿರುಕು ದಿನಾ ಕಣ್ಣಿಗೆ ಬೀಳುತ್ತದಲ್ಲ.

ಈ ಸಲ ಮೆಟ್ಟಿಲು ಬಿಚ್ಚಿದ ದಿನ ಬೆನ್ನು ನೋವಿನ ಅಣ್ಣ ಬಂದು, ಕೊಡು ನೋಡೋಣ ಅಂತ ಕಿತ್ತುಕೊಂಡು 54ರಲ್ಲಿ 50 ತಾನೇ ಬಿಚ್ಚಿದ. ಆಮೇಲೆ ಅತ್ತಿಗೆ, ನಮ್ಮ ಕಪಾಟಿನ ಬಾಗಿಲು ಜೋತುಬಿದ್ದಿದೆ, ಎರಡು ದಿನಕ್ಕೆ ಕೊಡ್ತೀಯಾ ಅಂದರು. ದೀಪಾವಳಿ ಆಯಿತು, ಸಂಕ್ರಾಂತಿನೂ ಆಯಿತು. ಇನ್ನೂ ಬಂದಿಲ್ಲ. ಸದ್ಯಕ್ಕೆ ನನ್ನ ಹತ್ತಿರ ಇರೋದು ಆ 45 ಬಿಟ್ಟಿನ ಡಬ್ಬಿ.