ಮಿಲ್ಲಿಂಗ್ ಮೆಷಿನ್‌ನ ಕ್ವಿಲ್ ಸ್ಪ್ರಿಂಗ್ ಬಿಚ್ಚುವ ಮುಂಚೆ ಇದನ್ನು ಓದಿ

ಪೀಣ್ಯದ ನಮ್ಮ ಶೆಡ್ಡಿನಲ್ಲಿ ಹೋದ ತಿಂಗಳು ನಡೆದದ್ದು ಇನ್ಯಾರ ಶೆಡ್ಡಿನಲ್ಲೂ ನಡೆಯಬಾರದು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಸೆಕೆಂಡ್ ಹ್ಯಾಂಡ್ ಎಂ1ಟಿಆರ್ ಮಾದರಿಯ ಮಿಲ್ಲಿಂಗ್ ಮೆಷಿನ್. ಕ್ವಿಲ್ (ಟೂಲ್ ಹಿಡಿದ ಸ್ಪಿಂಡಲ್ ಸಮೇತ ಮೇಲೆ ಕೆಳಗೆ ಓಡುವ ಕೊಳವೆ) ಇಳಿಸಿ ಹ್ಯಾಂಡಲ್ ಬಿಟ್ಟರೆ ಮೇಲೆ ಹೋಗುತ್ತಿರಲಿಲ್ಲ, ಅರ್ಧಕ್ಕೇ ನಿಲ್ಲುತ್ತಿತ್ತು. ಪರಿಚಯದವರು ಹೇಳಿದ ಮೆಕ್ಯಾನಿಕ್ ಒಬ್ಬರನ್ನು ಕರೆಸಿದೆ. ನೋಡಿದ ತಕ್ಷಣ "ಸ್ಪ್ರಿಂಗ್ ಲೂಸ್ ಆಗಿದೆ ಸಾರ್, ಹತ್ತು ನಿಮಿಷದ ಕೆಲಸ" ಅಂದರು.

ಹೆಡ್‌ನ ಎಡಗಡೆ ದುಂಡಗಿನ ಕವರ್ ಇರುತ್ತದಲ್ವಾ, ಕ್ವಿಲ್ ಅನ್ನು ವಾಪಸ್ ಮೇಲೆ ಎಳೆಯುವ ಸ್ಪ್ರಿಂಗ್ ಇರುವುದು ಅದರೊಳಗೆ. ಗೋಡೆ ಗಡಿಯಾರದ ಸ್ಪ್ರಿಂಗ್ ತರಹದ ಪಟ್ಟಿ, ಸುರುಳಿ ಸುತ್ತಿ ಕೂತಿರುತ್ತದೆ. ಕ್ವಿಲ್ ಕೆಳಗೆ ಇಳಿದಷ್ಟೂ ಅದು ಬಿಗಿಯಾಗುತ್ತದೆ. ಅವತ್ತು ಕ್ವಿಲ್ ಅರ್ಧ ಕೆಳಗಿತ್ತು. ಲಾಕ್ ಹಾಕಿರಲಿಲ್ಲ. ಕವರ್ ಹಿಡಿದುಕೋ ಅಂತ ನಮ್ಮ ಹುಡುಗನಿಗೆ ಹೇಳಿ ಅವರು ಎರಡೂ ಸ್ಕ್ರೂ ಬಿಚ್ಚಿದರು. ಕವರ್ ಗರ್ರನೆ ತಿರುಗಿ ಅವನ ಕೈಯಿಂದ ಜಾರಿತು, ಸ್ಪ್ರಿಂಗ್ ಚಿಮ್ಮಿತು. ಅಂಗೈ ಸೀಳಿ ನಾಲ್ಕು ಹೊಲಿಗೆ ಬಿದ್ದವು. ಅದೇ ಹೊತ್ತಿಗೆ ಕ್ವಿಲ್ ಧಡ್ ಅಂತ ಇಳಿದು, ಅದರಲ್ಲಿದ್ದ 12 ಎಂಎಂ ಎಂಡ್ ಮಿಲ್ ಕಟರ್, ಜಾಬ್ ಹಿಡಿಯುವ ವೈಸ್ ಮೇಲೆ ಬಿದ್ದು ತುಂಡಾಯಿತು. ಹುಡುಗನ ಕೈ ಅದರ ಕೆಳಗೆ ಇರಲಿಲ್ಲ, ದೇವರು ದೊಡ್ಡವನು.

ಇಷ್ಟಕ್ಕೇ ಮುಗಿಯಲಿಲ್ಲ. ಸ್ಪ್ರಿಂಗಿನ ತುದಿಯ ಕೊಕ್ಕೆ ಮುರಿದಿತ್ತು. ಅವರು ತುದಿಯನ್ನು ಗ್ಯಾಸ್‌ನಲ್ಲಿ ಕೆಂಪಗೆ ಕಾಯಿಸಿ, ಬಗ್ಗಿಸಿ, ನೀರಿಗೆ ಅದ್ದಿದರು. ಸ್ಪ್ರಿಂಗ್ ಸ್ಟೀಲನ್ನು ಹಾಗೆ ನೀರಿಗೆ ಅದ್ದಿದರೆ ಗಾಜಿನ ತರಹ ಆಗುತ್ತದೆ. ಮೇಲಿಂದ ಎರಡು ಸುತ್ತು ಜಾಸ್ತಿ ಬಿಗಿದರು. ಕ್ವಿಲ್ ಪೂರ್ತಿ ಇಳಿಯುವ ಮೊದಲೇ ಸುರುಳಿ ಒತ್ತಿಕೊಂಡು ಹ್ಯಾಂಡಲ್ ಕಚ್ಚುತ್ತಿತ್ತು. ಒಂಬತ್ತನೇ ದಿನ ಅದೇ ಕೊಕ್ಕೆ ಪಟ್ ಅಂತ ಹೋಯಿತು, ಕ್ವಿಲ್ ಜಾರಿ ಡ್ರಿಲ್ ಬಿಟ್ ಕೆಳಗಿದ್ದ ಜಾಬ್ ಮೇಲೆ ಬಿತ್ತು.

ಆಮೇಲೆ ಹಳೆಯ ಫಿಟ್ಟರ್ ಒಬ್ಬರು ಬಂದು ನೋಡಿದರು. ಸ್ಪ್ರಿಂಗಿನಲ್ಲಿ ಮೊದಲು ಏನೂ ತೊಂದರೆಯೇ ಇರಲಿಲ್ಲವಂತೆ! ಕ್ವಿಲ್ ಹಿಂದಿನ ರ‍್ಯಾಕ್ ಹಲ್ಲುಗಳ ಸಂದಿಯಲ್ಲಿ ಲೋಹದ ಚೂರುಗಳು (ಚಿಪ್ಸ್) ಮತ್ತು ಒಣಗಿದ ಗ್ರೀಸ್ ಸೇರಿ ಗಟ್ಟಿಯಾಗಿತ್ತು. ಸೀಮೆಎಣ್ಣೆಯಲ್ಲಿ ತೊಳೆದು ತೆಳು ಸ್ಪಿಂಡಲ್ ಎಣ್ಣೆ ಹಾಕಿದ್ದೇ ತಡ, ಕ್ವಿಲ್ ಸಲೀಸಾಗಿ ಓಡಿತು. ಹಾಗಾಗಿ ನಿಮ್ಮ ಕ್ವಿಲ್ ನಿಧಾನವಾದರೆ ಮೊದಲು ತೊಳೆಯಿರಿ, ಸುಮ್ನೆ ಸ್ಪ್ರಿಂಗಿಗೆ ಕೈ ಹಾಕಬೇಡಿ.

ಬಿಚ್ಚಲೇಬೇಕು ಅಂದರೆ ಮೇನ್ ಸ್ವಿಚ್ ಆಫ್ ಮಾಡಿ. ಟೂಲ್ ತೆಗೆಯಿರಿ. ಕ್ವಿಲ್ ಪೂರ್ತಿ ಮೇಲೆ ಏರಿಸಿ ಲಾಕ್ ಬಿಗಿದು, ಕೆಳಗೆ ಟೇಬಲ್ ಮೇಲೆ ಮರದ ದಿಮ್ಮಿ ಕೊಡಿ. ದಪ್ಪ ಗ್ಲೌಸ್ ಹಾಕಿಕೊಂಡು ಅಂಗೈಯಿಂದ ಕವರನ್ನು ಹೆಡ್‌ಗೆ ಒತ್ತಿ ಹಿಡಿದೇ ಸ್ಕ್ರೂ ಸಡಿಲಿಸಿ, ಬಿಗಿಯೆಲ್ಲ ಹೋಗುವ ತನಕ ಸ್ವಲ್ಪ ಸ್ವಲ್ಪವೇ ತಿರುಗಲು ಬಿಡಿ. ವಾಪಸ್ ಹಾಕುವಾಗ, ಹ್ಯಾಂಡಲ್ ಬಿಟ್ಟರೆ ಕ್ವಿಲ್ ತಾನಾಗಿ ಮೆಲ್ಲಗೆ ಏರುವಷ್ಟು ಬಿಗಿ ಸಾಕು. ಬಿಗಿದ ಮೇಲೆ ಒಂದು ಸಲ ಕೊನೆಯವರೆಗೂ ಇಳಿಸಿ ನೋಡಿ.

ಮುರಿದ ಸ್ಪ್ರಿಂಗಿಗೆ ಮಾತ್ರ ಯಾರಿಂದಲೂ ಬೆಂಕಿ ತೋರಿಸಬೇಡಿ. ಹೊಸದು ತರುವಾಗ ಪಟ್ಟಿಯ ಅಗಲ, ದಪ್ಪ, ಸುರುಳಿಯ ದಿಕ್ಕು ಮೂರೂ ಹೊಂದಬೇಕು. ಹಳೆಯದನ್ನು ಕೈಯಲ್ಲೇ ಹಿಡಿದುಕೊಂಡು ಅಂಗಡಿಗೆ ಹೋಗಿ.